ಕೆಳದಿ ಅರಸರ ನೆಲದಲ್ಲಿ ಮೂರು ದಿನ

ಕಾರ್ತಿಕ ಮಾಸದ ಒಂದು ಸೋಮವಾರವನ್ನು ಕೆಳದಿಯ ರಾಮೇಶ್ವರನ ಸನ್ನಿಧಿಯಲ್ಲಿ ಕಳೆಯಬೇಕೆಂಬುದು ನಮ್ಮ ಬಹುದಿನದ ಬಯಕೆಯಾಗಿತ್ತು. ಅದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಹಳೆಯ ಋಣವೊಂದೂ ಇತ್ತು. ಸುಮಾರು ಮೂವತ್ತು ವರ್ಷಗಳ ಹಿಂದೆ ಮಲೆನಾಡಿನ ಊರೊಂದರ ಬಸವ ಜಯಂತಿಯಲ್ಲಿ ಕೆಳದಿ ಅರಸರ ಕುರಿತು ಉಪನ್ಯಾಸ ಮಾಡಲು ನಮ್ಮನ್ನು ಕರೆದಿದ್ದರು. ಶಿವಪ್ಪನಾಯಕನ ಶಿಸ್ತು, ಚೆನ್ನಮ್ಮಾಜಿಯ ಶೌರ್ಯ, ಮಠಗಳಿಗೆ ಕೊಟ್ಟ ದತ್ತಿ ಎಲ್ಲವನ್ನೂ ಒಂದು ಗಂಟೆ ಹೇಳಿ ಕುಳಿತೆವು. ಸಭೆ ಮುಗಿದ ಮೇಲೆ ವೃದ್ಧ ರೈತರೊಬ್ಬರು ಬಳಿಗೆ ಬಂದು ಕೈಮುಗಿದು, "ಎಲ್ಲಾ ಚೆನ್ನಾಗಿ ಹೇಳಿದ್ರಿ ಸ್ವಾಮಿ. ಇಷ್ಟು ದೊಡ್ಡ ರಾಜ್ಯ ಎರಡು ತಿಂಗಳೊಳಗೆ ಹ್ಯಾಗೆ ಹೋಯ್ತು, ಅದೊಂದು ಹೇಳಲಿಲ್ಲವಲ್ಲ" ಎಂದರು. ನಾವು "ಕಾಲಮಹಿಮೆ" ಎಂದು ಹೇಳಿ ತಪ್ಪಿಸಿಕೊಂಡೆವು. ಉತ್ತರ ನಮಗೆ ತಿಳಿಯದೆ ಇರಲಿಲ್ಲ; ಅದನ್ನು ನಮ್ಮವರ ಸಭೆಯಲ್ಲಿ ಹೇಳುವ ಧೈರ್ಯ ಇರಲಿಲ್ಲ. ಆ ವೃದ್ಧರು ಈಗ ಇರಲಾರರು. ಅವರಿಗೆ ಹೇಳಬೇಕಾಗಿದ್ದುದನ್ನು ಈ ಪ್ರವಾಸದ ನೆವದಿಂದ ಓದುಗ ಬಂಧುಗಳ ಮುಂದೆ ಇಡುತ್ತೇವೆ.

ಜೊತೆಗೆ ನಮ್ಮ ತಂಗಿಯ ಮಗ, ಅವನ ಧರ್ಮಪತ್ನಿ ಮತ್ತು ಅವರ ಹತ್ತು ವರ್ಷದ ಮಗಳು ಇದ್ದರು. ಸಾಗರದಲ್ಲಿ ತಂಗಿದೆವು. ಈ ಊರಿಗೆ ಹೆಸರು ಬಂದುದೇ ಸದಾಶಿವನಾಯಕನು ಕಟ್ಟಿಸಿದ ಸದಾಶಿವಸಾಗರವೆಂಬ ಕೆರೆಯಿಂದ ಎನ್ನುತ್ತಾರೆ. ಜನ ಅದನ್ನೀಗ ಗಣಪತಿ ಕೆರೆ ಎಂದು ಕರೆಯುತ್ತಾರೆ. ಬೆಳಗಿನ ಲಿಂಗಪೂಜೆ ಮುಗಿಸಿ ಹೊರಟರೆ ಕೆಳದಿ ಹತ್ತಿರವೇ.

ಕೆಳದಿ ಇಂದು ಅಡಿಕೆ ತೋಟ, ಗದ್ದೆಗಳ ನಡುವಣ ಶಾಂತವಾದ ಹಳ್ಳಿ. ರಾಮೇಶ್ವರ, ವೀರಭದ್ರ, ಪಾರ್ವತಿಯರ ಗುಡಿಗಳು ಒಂದೇ ಪ್ರಾಕಾರದಲ್ಲಿ ಒಂದರ ಪಕ್ಕಕ್ಕೊಂದು ನಿಂತಿವೆ. ವೀರಭದ್ರನ ಗುಡಿಯ ಮೇಲ್ಛಾವಣಿಯಲ್ಲಿ ಗಂಡಭೇರುಂಡವಿದೆ. ಪಾರ್ವತಿಯ ಗುಡಿಯಲ್ಲಿ ಮರದ ಕೆತ್ತನೆಯನ್ನು ಕತ್ತು ನೋಯುವವರೆಗೆ ನೋಡಬೇಕು. ಚೌಡಪ್ಪ, ಭದ್ರಪ್ಪ ಎಂಬ ಒಕ್ಕಲು ಮನೆತನದ ಅಣ್ಣತಮ್ಮಂದಿರ ದನವೊಂದು ಹುತ್ತದ ಮೇಲೆ ಹಾಲು ಸುರಿಸಿ, ಆ ಹುತ್ತದಲ್ಲಿ ಲಿಂಗ ದೊರೆಯಿತೆಂಬ ಐತಿಹ್ಯವನ್ನು ಇಲ್ಲಿ ಎಲ್ಲರೂ ಬಲ್ಲರು. ಕ್ರಿ.ಶ. ೧೫೦೦ರ ಆಸುಪಾಸಿನಲ್ಲಿ ಚೌಡಪ್ಪನು ವಿಜಯನಗರದ ಮಾಂಡಲಿಕನಾಗಿ ಆಳತೊಡಗಿದನು. ಅಲ್ಲಿಂದ ೧೭೬೩ರವರೆಗೆ ಸುಮಾರು ೨೬೦ ವರ್ಷ ಈ ಮನೆತನ ಬಾಳಿತು. ಹೊಲದಲ್ಲಿ ಹುದುಗಿದ್ದ ನಿಧಿ ಕೈಸೇರಬೇಕಾದರೆ ನರಬಲಿ ಬೇಕೆಂದಾಗ ಯಾದವ, ಮುರಾರಿ ಎಂಬ ಇಬ್ಬರು ಆಳುಮಕ್ಕಳು ತಾವಾಗಿ ತಲೆಯೊಡ್ಡಿದರೆಂಬ ಇನ್ನೊಂದು ಕಥೆಯೂ ಇದೆ. ಅವರ ನೆನಪಿಗೆ ಅರಸರು 'ಎಡವಮುರಾರಿ' ಎಂಬ ಬಿರುದನ್ನು ಧರಿಸಿದರಂತೆ. ಕಥೆಯಲ್ಲಿ ನಿಜವೆಷ್ಟೋ ಶಿವನೇ ಬಲ್ಲ. ಆದರೆ ಈ ಸಿಂಹಾಸನದ ಮೂಲದಲ್ಲಿಯೇ ರಕ್ತವಿತ್ತೆಂದು ಆ ವಂಶದವರೇ ನೆನಪಿಟ್ಟುಕೊಂಡರಲ್ಲ, ಅದು ನಮಗೆ ದೊಡ್ಡದಾಗಿ ತೋರಿತು.

ಎರಡನೆಯ ಅರಸ ಸದಾಶಿವನಾಯಕನು ಅಳಿಯ ರಾಮರಾಯನ ಪರವಾಗಿ ಕಾದಿ 'ಕೋಟೆಕೋಲಾಹಲ'ನೆನಿಸಿದನು. ಅವನ ಮಗ ದೊಡ್ಡ ಸಂಕಣ್ಣನಾಯಕನು ರಾಜ್ಯವನ್ನು ತಮ್ಮ ಚಿಕ್ಕ ಸಂಕಣ್ಣನಿಗೊಪ್ಪಿಸಿ ತೀರ್ಥಯಾತ್ರೆಗೆ ಹೊರಟುಹೋದನು. ಪಟ್ಟಕ್ಕಾಗಿ ಅಣ್ಣತಮ್ಮಂದಿರು ಕತ್ತಿ ಹಿರಿಯುವ ಕಾಲದಲ್ಲಿ ಇದು ಸಾಮಾನ್ಯವಲ್ಲ. ಈ ವೃತ್ತಾಂತಗಳನ್ನು ಲಿಂಗಣ್ಣ ಕವಿಯು 'ಕೆಳದಿನೃಪವಿಜಯ'ವೆಂಬ ಚಂಪೂಕಾವ್ಯದಲ್ಲಿ ಹೇಳಿದ್ದಾನೆ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ತೋರಿಸಿಕೊಟ್ಟ ಆರ್. ಶಾಮಶಾಸ್ತ್ರಿಗಳೇ ಈ ಕಾವ್ಯವನ್ನೂ ಸಂಪಾದಿಸಿದರೆಂಬುದನ್ನು ತಿಳಿದವರು ಕಡಿಮೆ. ಮಠದ ಪಾಠಶಾಲೆಯಲ್ಲಿ ನಾವು ಓದುತ್ತಿದ್ದಾಗ ಈ ಗ್ರಂಥದ ಕೆಲವು ಭಾಗಗಳನ್ನು ಗುರುಗಳು 'ಮುಂದೆ ನೋಡೋಣ' ಎಂದು ದಾಟಿಸಿಬಿಡುತ್ತಿದ್ದರು. ಸಹಜವಾಗಿ ನಾವು ಮೊದಲು ಓದಿದ್ದು ಅವನ್ನೇ. ಕೆಳದಿಯ ವಸ್ತುಸಂಗ್ರಹಾಲಯವನ್ನೂ ನೋಡದೆ ಬರಬಾರದು. ತಾಳೆಗರಿ, ಕಡತ, ಆಯುಧಗಳನ್ನು ಮನೆಮನೆಯಿಂದ ಕೂಡಿಸಿ ಉಳಿಸುವುದಕ್ಕೆ ಕೆಳದಿ ಗುಂಡಾ ಜೋಯಿಸರು ತಮ್ಮ ಆಯುಷ್ಯವನ್ನೇ ಸವೆಸಿದರು.

ಮಧ್ಯಾಹ್ನ ಪ್ರಸಾದ ಸ್ವೀಕರಿಸಿ ಇಕ್ಕೇರಿಗೆ ಬಂದೆವು. ಸಾಗರದಿಂದ ದಕ್ಷಿಣಕ್ಕೆ ಆರು ಕಿಲೋಮೀಟರಿನಷ್ಟು ದೂರ. ಸುಮಾರು ೧೫೬೦ರಿಂದ ಎಂಬತ್ತು ವರ್ಷ ಇದೇ ರಾಜಧಾನಿ. ಮೂರು ಸುತ್ತಿನ ಕೋಟೆ, ಅರಮನೆ, ಟಂಕಸಾಲೆ ಎಲ್ಲವೂ ಇದ್ದ ಊರಿನಲ್ಲಿ ಈಗ ಉಳಿದಿರುವ ವೈಭವವೆಂದರೆ ಅಘೋರೇಶ್ವರ ದೇವಾಲಯವೊಂದೇ. ರಾಜಧಾನಿ ಇಲ್ಲಿಂದ ಹೋದ ಮೇಲೂ ನಾಣ್ಯವನ್ನು ಜನ ಇಕ್ಕೇರಿ ವರಹವೆಂದೇ ಕರೆಯುತ್ತಿದ್ದರು. ಹೊಯ್ಸಳ, ದ್ರಾವಿಡ, ಸುಲ್ತಾನರ ಶೈಲಿಗಳೆಲ್ಲ ಸೇರಿದ ಉತ್ತರಾಭಿಮುಖವಾದ ಭವ್ಯ ಶಿಲಾಮಂದಿರವಿದು. ಎದುರಿಗೆ ನಂದಿ ಮಂಟಪ. ಗರ್ಭಗೃಹದ ಬಹುಭಾಗವನ್ನು ಆಕ್ರಮಿಸಿರುವ ಬೃಹತ್ ಪೀಠದ ಸುತ್ತ ೩೨ ಶಕ್ತಿದೇವತೆಗಳ ಬಿಂಬಗಳಿವೆ. ಅದರ ಮೇಲಿದ್ದ ಮೂಲಮೂರ್ತಿ ಮಾತ್ರ ಉಳಿದಿಲ್ಲ. ಇಲ್ಲಿಯ ನಡುಗಂಬಗಳ ಅಂತರ ೧೮ ಅಡಿ ೬ ಅಂಗುಲ. ಇದನ್ನೇ ತೋಟದ ಅಳತೆಗೆ ಪ್ರಮಾಣವಾಗಿ ಇಟ್ಟಿದ್ದರು. ಅಳತೆಗೋಲಿನಲ್ಲಿ ಮೋಸವಾಯಿತೆಂದು ಯಾವ ರೈತನಿಗೆ ಸಂಶಯ ಬಂದರೂ ದೇವರ ಮುಂದೆ ಬಂದು ಅಳೆದುಕೊಳ್ಳಬಹುದು! ರಾಜ್ಯಾಡಳಿತವನ್ನು ಕುರಿತು ಎಷ್ಟೋ ಗ್ರಂಥಗಳನ್ನು ಓದಿದ್ದೇವೆ. ಇಷ್ಟು ಸರಳವಾದ ಉಪಾಯವನ್ನು ಬೇರೆಲ್ಲಿಯೂ ಕಾಣಲಿಲ್ಲ.

ಗರ್ಭಗೃಹದ ಮುಂದಣ ನೆಲಹಾಸಿನಲ್ಲಿ ದೇವರಿಗೆ ನಮಿಸುತ್ತಿರುವ ಮೂವರು ಅರಸರ ಆಕೃತಿಗಳನ್ನು ಕೆತ್ತಿ, ಮೇಲೆ ಅವರವರ ಹೆಸರನ್ನು ಬರೆದಿದ್ದಾರೆ. ಅರಸನಾದವನು ಭಕ್ತರ ಕಾಲಬುಡದಲ್ಲಿರಬೇಕೆಂಬ ಭಾವ ಶರಣಧರ್ಮಕ್ಕೆ ಹೊಂದುವುದೇ. ಆದರೆ ಅವರಲ್ಲಿ ಒಬ್ಬನ ಕೈಕಾಲುಗಳಿಗೆ ಸಂಕಲೆಯಿದೆ. ಲೂಯಿಸ್ ರೈಸ್ ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಇದನ್ನು ಗಮನಿಸಿ, ಅವನು ಹುಚ್ಚ ಸೋಮಶೇಖರನೆಂದು ಬರೆದಿದ್ದಾರೆ. ಮಗುವಿನ ಕಣ್ಣಿಗೆ ಮೊದಲು ಬಿದ್ದುದೇ ಅದು. "ಅಜ್ಜ, ಈ ರಾಜನಿಗೆ ಯಾಕೆ ಬೇಡಿ ಹಾಕಿದಾರೆ?" ಎಂದು ಕೇಳಿದಳು. ಅವಳ ತಾಯಿ "ಸುಮ್ಮನಿರು" ಎಂದು ಕೈಹಿಡಿದು ಎಳೆದರು. ಮೂವತ್ತು ವರ್ಷಗಳ ಹಿಂದಿನ ಆ ವೃದ್ಧರ ಮುಖ ನಮ್ಮ ಕಣ್ಣೆದುರು ಬಂತು. ಈ ಸಲ ತಪ್ಪಿಸಿಕೊಳ್ಳುವುದು ಬೇಡವೆಂದು ಅಲ್ಲಿಯೇ ಜಗತಿಯ ಮೇಲೆ ಕುಳಿತು ಕಥೆ ಹೇಳಿದೆವು.

ಹಿರಿಯ ಸೋಮಶೇಖರನಾಯಕನು ೧೬೬೪ರ ಸುಮಾರಿಗೆ ಪಟ್ಟಕ್ಕೆ ಬಂದವನು, ಚೆನ್ನಮ್ಮಾಜಿಯ ಪತಿ. ಮೊದಲು ಧರ್ಮದಿಂದ ಆಳಿದನು. ಬಳಿಕ ನರ್ತಕಿ ಕಲಾವತಿಯ ಮೋಹದಲ್ಲಿ ಬಿದ್ದು, ಅವಳ ಕಡೆಯ ಭರಮೆ ಮಾವುತನೆಂಬವನ ಕೈಗೊಂಬೆಯಾದನು. ಅವರು ಕೊಟ್ಟ ಔಷಧಗಳಿಂದ ಬುದ್ಧಿಭ್ರಮಣೆಯಾಯಿತೆಂದು ಪರಂಪರೆ ಹೇಳುತ್ತದೆ. ಅರಸನಿಗೆ ಮಕ್ಕಳಿರಲಿಲ್ಲ. ಅಧಿಕಾರದಲ್ಲಿದ್ದವರು ಒಬ್ಬೊಬ್ಬರು ಒಬ್ಬೊಬ್ಬ ಹುಡುಗನನ್ನು ಮುಂದೆ ಮಾಡಿ 'ಇವನನ್ನು ದತ್ತು ತೆಗೆದುಕೊಳ್ಳಿ' ಎಂದು ರಾಣಿಯನ್ನು ಒತ್ತಾಯಿಸತೊಡಗಿದರು. ಈ ಗೊಂದಲದ ವಾಸನೆ ಹಿಡಿದು ಬಿಜಾಪುರದ ಸೈನ್ಯ ಗಡಿಗೆ ಬಂತು. ೧೬೭೧ರ ಸುಮಾರಿಗೆ ಸೋಮಶೇಖರನು ದ್ರೋಹಿಗಳ ಕೈಯಲ್ಲಿ ಹತನಾದನು. ಹೊರಗಿನ ಶತ್ರು ಬಾಗಿಲಿಗೆ ಬರುವ ಮುನ್ನ ಒಳಗಿನವರು ಬಾಗಿಲಿನ ಅಗುಳಿ ತೆಗೆದಿಟ್ಟಿದ್ದರು.

ಈ ದೇವಾಲಯದ ಅಂಗಳಕ್ಕೆ ೧೬೨೩ರ ನವೆಂಬರಿನಲ್ಲಿ ವಿದೇಶೀಯನೊಬ್ಬ ಬಂದಿದ್ದನು. ಹೆಸರು ಪಿಯೆತ್ರೊ ದೆಲ್ಲಾ ವಲ್ಲೆ. ಸಾಕ್ಷಾತ್ ರೋಮ್ ನಗರದ ಕುಲೀನ. ಗೋವೆಯ ಪೋರ್ತುಗೀಜರ ರಾಯಭಾರಿಯೊಡನೆ ಬಂದು ಹಿರಿಯ ವೆಂಕಟಪ್ಪನಾಯಕನನ್ನು ಕಂಡು, ಇಲ್ಲಿಯ ಬೀದಿ, ಉತ್ಸವ, ಕುಣಿತಗಳನ್ನು ಸೊಗಸಾಗಿ ಬರೆದಿಟ್ಟಿದ್ದಾನೆ. ಅರಮನೆಯ ಒಳಗುಟ್ಟೂ ಅವನ ಕಿವಿಗೆ ಬಿದ್ದಿತ್ತು. ರಾಣಿ ಭದ್ರಮ್ಮನವರು ಲಿಂಗವಂತರು. ಪತಿಯು ಮಾಂಸಾಹಾರಿಯಾದ ಪರಮತದ ಸ್ತ್ರೀಯೊಬ್ಬಳ ಸಂಗ ಮಾಡಿದನೆಂದು ತಿಳಿದು, ಅಂದಿನಿಂದ ಅವನೊಡನೆ ದಾಂಪತ್ಯವನ್ನೇ ತ್ಯಜಿಸಿದರಂತೆ. ಆದರೂ ಅರಮನೆ ಬಿಡಲಿಲ್ಲ, ಗೌರವಕ್ಕೂ ಕುಂದು ಬರಲಿಲ್ಲ. ಆನಂದಪುರದ ಚಂಪಕಸರಸಿಯ ಹೆಸರಿನೊಂದಿಗೆ ಸೇರಿರುವ ಕಥೆಗೆ ಮೂಲ ಇದೇ ಇರಬಹುದೆಂದು ನಮ್ಮ ಊಹೆ.

ರೋಮಿನವನಿಗೆ ಅರಮನೆಯ ಒಳಜಗಳ ಅಚ್ಚರಿಯ ವಿಷಯವಾಗಿರಲಾರದು. ಅವನ ಊರಿನ ಮೊದಲ ಚಕ್ರವರ್ತಿಗಳ ಚರಿತ್ರೆಯೇ ಅದಲ್ಲವೇ? ಅಗಸ್ಟಸನಿಗೆ ಗಂಡುಮಕ್ಕಳಿರಲಿಲ್ಲ. ವಾರಸುದಾರರೆಂದು ಬೆಳೆಸಿದ ಅಕ್ಕನ ಮಗ, ಮಗಳ ಮಕ್ಕಳು ಒಬ್ಬೊಬ್ಬರಾಗಿ ತೀರಿಹೋದರು. ಕೊನೆಗೆ ಕ್ರಿ.ಶ. ೪ರಲ್ಲಿ ಹೆಂಡತಿಯ ಮೊದಲ ಮದುವೆಯ ಮಗ ಟೈಬೀರಿಯಸನನ್ನು ದತ್ತು ಮಾಡಿಕೊಂಡನು. ಅವನ ಬಳಿಕ ಬಂದ ಕಲಿಗುಲನನ್ನು ೪೧ರಲ್ಲಿ ಅಂಗರಕ್ಷಕರೇ ಕೊಂದು, ತೆರೆಯ ಹಿಂದೆ ಅಡಗಿ ನಡುಗುತ್ತಿದ್ದ ಅವನ ಚಿಕ್ಕಪ್ಪ ಕ್ಲಾಡಿಯಸನನ್ನು ಎಳೆತಂದು ಚಕ್ರವರ್ತಿ ಮಾಡಿದರು. ಕ್ಲಾಡಿಯಸನಿಗೆ ಪತ್ನಿ ಅಗ್ರಿಪ್ಪೀನಳೇ ವಿಷವಿಟ್ಟಳೆಂದು ಲೋಕ ನಂಬಿತು. ಅವಳು ಪಟ್ಟಗಟ್ಟಿಸಿದ ಮಗ ನೀರೋ ಮಲತಮ್ಮನನ್ನು ಕೊಲ್ಲಿಸಿದನು, ೫೯ರಲ್ಲಿ ಹೆತ್ತ ತಾಯಿಯನ್ನೂ ಕೊಲ್ಲಿಸಿದನು. ಅವನು ಸತ್ತ ಮೇಲೆ ೬೯ನೆಯ ಇಸವಿಯೊಂದರಲ್ಲಿಯೇ ನಾಲ್ವರು ಚಕ್ರವರ್ತಿಗಳಾದರು. ಅಂಗರಕ್ಷಕರು ಒಬ್ಬನನ್ನು, ರೈನ್ ನದಿಯ ದಂಡು ಒಬ್ಬನನ್ನು, ಪೂರ್ವದೇಶದ ದಂಡು ಮತ್ತೊಬ್ಬನನ್ನು ಎತ್ತಿ ಕೂರಿಸಿತು. ಜಗತ್ತನ್ನೇ ಗೆದ್ದವರೆಂಬ ಹೆಮ್ಮೆಯವರು ಉತ್ತರಾಧಿಕಾರಿ ಯಾರೆಂಬ ಒಂದು ನಿಯಮವನ್ನು ಗಟ್ಟಿಮಾಡಲಾರದೆ ಹೋದರು. ನಮ್ಮ ಕೆಳದಿಯ ರೋಗವೂ ಇದೇ. ಕತ್ತಿ ಬಿಜಾಪುರದವರದೋ ಮೈಸೂರಿನವರದೋ ಆಗಿರಬಹುದು, ಗಾಯ ಮಾತ್ರ ದತ್ತಕದ್ದು.

ಹೊರಡುವಾಗ ಮಗು ತನ್ನ ತಲೆಯಲ್ಲಿದ್ದ ಸೇವಂತಿಗೆಯೊಂದನ್ನು ತೆಗೆದು ಸಂಕಲೆಯ ಅರಸನ ಬಳಿ ಇಟ್ಟು ಬಂದಳು. ನಾವು ಬೇಡವೆನ್ನಲಿಲ್ಲ.

ಮರುದಿನ ಹೊಸನಗರದ ದಾರಿ. ಈ ಊರಿಗೆ ಮೊದಲಿನ ಹೆಸರು ಕಲ್ಲೂರುಕಟ್ಟೆ. ಹಳೆಯ ರಾಜಧಾನಿಯಾದ ನಗರವು ಕ್ಷೀಣಿಸಿ ತಾಲ್ಲೂಕು ಕಚೇರಿ ಇಲ್ಲಿಗೆ ಬಂದಾಗ ಇದು 'ಹೊಸ' ನಗರವಾಯಿತು. ಹಳೆಯ ನಗರ ಅಲ್ಲಿಂದ ಹದಿನೇಳು ಕಿಲೋಮೀಟರು. ಅದರ ಮೂಲ ಹೆಸರು ಬಿದನೂರು. ಬಿದಿರಿನ ಊರು, ಸಂಸ್ಕೃತದಲ್ಲಿ ವೇಣುಪುರ. ೧೬೩೭ರಲ್ಲಿ ಬಿಜಾಪುರದ ರಣದುಲ್ಲಾಖಾನನು ಇಕ್ಕೇರಿಯ ಮೇಲೆ ಬಿದ್ದಾಗ ಅವನಿಗೆ ನೆರವಾದವನು ಬಸವಾಪಟ್ಟಣದ ಕೆಂಗ ಹನುಮಪ್ಪನಾಯಕ, ಅಂದರೆ ನೆರೆಯ ಪಾಳೆಯಗಾರನೇ. ಇಕ್ಕೇರಿ ಬಯಲು ಪ್ರದೇಶ. ಅದನ್ನು ನೆಚ್ಚಲಾಗದೆಂದು ವೀರಭದ್ರನಾಯಕನು ೧೬೩೯ರ ಸುಮಾರಿಗೆ ರಾಜಧಾನಿಯನ್ನು ಈ ಕಾಡುಬೆಟ್ಟಗಳ ನಡುವೆ ತಂದನು. ಘಟ್ಟದ ಅಂಚಿನಲ್ಲಿರುವುದರಿಂದ ಕರಾವಳಿಯ ಬಂದರುಗಳಿಗೆ ಮೆಣಸು, ಅಡಿಕೆ ಇಳಿಸುವುದಕ್ಕೂ ಅನುಕೂಲ.

ನಗರದ ಕೋಟೆಯ ಬುರುಜು, ಕಂದಕ, ದರ್ಬಾರಿನ ಜಗತಿ, ಅಕ್ಕತಂಗಿಯರ ಕೊಳಗಳನ್ನು ನೋಡಿದೆವು. ಮಳೆಗಾಲ ಕಳೆದು ಹೆಚ್ಚು ದಿನವಾಗಿರಲಿಲ್ಲ. ಗೋಡೆಗಳ ಮೇಲೆ ಪಾಚಿ ದಟ್ಟವಾಗಿತ್ತು, ಕಾಲು ಜಾರುತ್ತಿತ್ತು. ಸಮೀಪದ ದೇವಗಂಗೆಯ ಕೊಳಗಳಲ್ಲಿ ಮಾತ್ರ ನೀರು ಸ್ಫಟಿಕದಂತೆ ಹರಿಯುತ್ತಿದೆ. ರಾಜಪರಿವಾರದವರ ಜಲವಿಹಾರಕ್ಕೆಂದು ಕಟ್ಟಿದ ಕಲ್ಲಿನ ಕೆಲಸ ಇಂದಿಗೂ ಒಂದು ಇಂಚು ಸರಿದಂತೆ ಕಾಣದು.

ವೀರಭದ್ರನಾಯಕನಿಗೆ ಸಂತಾನವಿರಲಿಲ್ಲ. ೧೬೪೫ರಲ್ಲಿ ಶಿವಪ್ಪನಾಯಕನು ಪಟ್ಟವೇರಿದನು. ವೀರಭದ್ರನು ತಾನಾಗಿ ರಾಜ್ಯ ಬಿಟ್ಟುಕೊಟ್ಟನೆಂದು ನಮ್ಮ ಕವಿ ಹೇಳುತ್ತಾನೆ. ಬಲವಂತವಾಗಿ ಕಿತ್ತುಕೊಂಡರೆಂಬ ಮಾತೂ ಇತ್ತು. ಹೇಗಾದರೂ ಆಗಲಿ, ಬಂದವನು ಅಸಾಮಾನ್ಯ. ೧೬೫೦ರ ದಶಕದಲ್ಲಿ ಹೊನ್ನಾವರ, ಬಸರೂರು, ಗಂಗೊಳ್ಳಿಗಳಿಂದ ಪೋರ್ತುಗೀಜರನ್ನು ಹೊರದೂಡಿದನು. ರಾಜ್ಯ ಕಳೆದುಕೊಂಡು ಅಲೆಯುತ್ತಿದ್ದ ವಿಜಯನಗರದ ಮೂರನೆಯ ಶ್ರೀರಂಗರಾಯನಿಗೆ ಆಶ್ರಯ ಕೊಟ್ಟನು. ಅವನ ಹೆಸರನ್ನು ಉಳಿಸಿದ್ದು ಯುದ್ಧವಲ್ಲ, ಶಿಸ್ತು. ಭೂಮಿಯನ್ನು ಫಲವತ್ತತೆಗೆ ತಕ್ಕಂತೆ ವರ್ಗೀಕರಿಸಿ, ಒಂದೊಂದು ಬಗೆಯ ಹೊಲವನ್ನು ಸತತ ೧೨ ವರ್ಷ ಅರಮನೆಯ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ಖರ್ಚೆಷ್ಟು, ಹುಟ್ಟುವಳಿಯ ಬೆಲೆಯೆಷ್ಟು ಎಂದು ಬರೆದಿಡಿಸಿ, ಸರಾಸರಿ ತೆಗೆದು ಕಂದಾಯ ಕಟ್ಟಿದನು. ಹುಟ್ಟುವಳಿಯಲ್ಲಿ ಮೂರರಲ್ಲೊಂದು ಪಾಲು ಸರಕಾರಕ್ಕೆ. ಅಡಿಕೆ ತೋಟಕ್ಕೆ ಸಾವಿರ ಮರಕ್ಕಿಷ್ಟು ಎಂಬ ಲೆಕ್ಕ. ಅಗಸ್ಟಸನೂ ತನ್ನ ಪ್ರಾಂತಗಳಲ್ಲಿ ಜನಗಣತಿ, ಭೂಗಣತಿ ಮಾಡಿಸಿ ಕಂದಾಯ ಹಾಕಿದನೆಂಬುದು ಪ್ರಸಿದ್ಧ. ಆದರೆ ರೈತನ ಹೊಲವನ್ನು ಹನ್ನೆರಡು ವರ್ಷ ತಾನೇ ಉತ್ತು ನೋಡಿದ ಮೇಲೆ ತೆರಿಗೆ ಹೇರಿದ ಚಕ್ರವರ್ತಿಯನ್ನು ನಾವು ಬೇರೆ ಕೇಳಿಲ್ಲ.

೧೬೬೦ರಲ್ಲಿ ಶಿವಪ್ಪನಾಯಕನು ಶಿವೈಕ್ಯನಾದನು. ಮುಂದಿನ ಹನ್ನೊಂದು ವರ್ಷಗಳಲ್ಲಿ ಮೂವರು ಅರಸರು! ಮೂರನೆಯವನೇ ನಾವು ಇಕ್ಕೇರಿಯಲ್ಲಿ ಕಂಡ ಸೋಮಶೇಖರ. ಚೆನ್ನಮ್ಮಾಜಿ ಇಪ್ಪತ್ತೈದು ವರ್ಷ ಆಳಿದರು. ದತ್ತಕದ ವಿಷಯದಲ್ಲಿ ಯಾರ ಒತ್ತಾಯಕ್ಕೂ ಮಣಿಯದೆ, ತಾವೇ ಆರಿಸಿದ ಬಸಪ್ಪನೆಂಬ ಬಾಲಕನನ್ನು ಸಾಕಿ ವಿದ್ಯೆ ಕಲಿಸಿದರು. 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ವಿಶ್ವಕೋಶವನ್ನು ೧೭೦೯ರಲ್ಲಿ ರಚಿಸಿದ ಹಿರಿಯ ಬಸಪ್ಪನಾಯಕನು ಇವನೇ. ದತ್ತಕವು ಒಮ್ಮೆಯಾದರೂ ಸರಿಯಾಗಿ ನಡೆಯಿತೆನ್ನಲು ಇದು ಸಾಕ್ಷಿ.

೧೬೮೯ರಲ್ಲಿ ಸಂಭಾಜಿಯನ್ನು ಔರಂಗಜೇಬನು ಕೊಲ್ಲಿಸಿದಾಗ ಛತ್ರಪತಿ ಶಿವಾಜಿಯ ಇನ್ನೊಬ್ಬ ಮಗ ರಾಜಾರಾಮನು ತಲೆಮರೆಸಿಕೊಂಡು ಜಿಂಜಿಗೆ ಹೋಗುವ ದಾರಿಯಲ್ಲಿ ಚೆನ್ನಮ್ಮಾಜಿಯ ಆಶ್ರಯ ಬೇಡಿದನು. ಬೆನ್ನಟ್ಟಿ ಬಂದ ಮೊಗಲ್ ಸೇನೆಯನ್ನು ರಾಣಿ ಎದುರಿಸಿದರು. ನಮ್ಮ ಪರಂಪರೆಯಲ್ಲಿ ಇದು ಪೂರ್ಣವಿಜಯ. ಮೊಗಲರ ಕಡೆಯ ಬರಹಗಳ ಪ್ರಕಾರ ರಾಣಿ ಕೊಂಚ ಕಾಣಿಕೆ ಕೊಟ್ಟು ಸಂಧಿ ಮಾಡಿಕೊಂಡರು. ಎರಡನ್ನೂ ಹೇಳಿದರೆ ಕೆಲವರಿಗೆ ಬೇಸರವಾದೀತು. ನಮಗಂತೂ ಬೇಸರವಿಲ್ಲ. ದಕ್ಷಿಣದ ಸುಲ್ತಾನರೆಲ್ಲ ಶರಣಾಗಿದ್ದ ಕಾಲದಲ್ಲಿ, ಶರಣು ಬಂದವನನ್ನು ಒಪ್ಪಿಸಲಾರೆನೆಂದು ಮಲೆನಾಡಿನ ವಿಧವೆಯೊಬ್ಬರು ಆಲಂಗೀರನಿಗೆ ಹೇಳಿದರು, ಒಪ್ಪಿಸಲೂ ಇಲ್ಲ. ಹಣ ಕೊಟ್ಟಿದ್ದರೆ ಕೊಟ್ಟಿರಲಿ. ನಗರದ ಕೊಪ್ಪಲು ಮಠದಲ್ಲಿ ಅವರ ಗದ್ದುಗೆಯಿದೆಯೆಂಬ ನಂಬಿಕೆಯಂತೆ ಅಲ್ಲಿ ಕರ್ಪೂರ ಬೆಳಗಿದೆವು.

ಇನ್ನು ವೃದ್ಧರ ಪ್ರಶ್ನೆಗೆ ಬರುತ್ತೇವೆ.

ಕಿರಿಯ ಬಸಪ್ಪನಾಯಕನು ೧೭೫೪ರ ಸುಮಾರಿಗೆ ತೀರಿಕೊಂಡನು. ದತ್ತುಪುತ್ರ ಚೆನ್ನಬಸಪ್ಪನು ಇನ್ನೂ ಬಾಲಕ. ರಾಣಿ ವೀರಮ್ಮಾಜಿ ರಾಜ್ಯ ನಡೆಸಿದರು. ೧೭೫೭ರಲ್ಲಿ ಚೆನ್ನಬಸಪ್ಪನು ಇಲ್ಲವಾದನು. ರಾಣಿ ಸೋಮಶೇಖರನೆಂಬ ಮತ್ತೊಬ್ಬ ಬಾಲಕನನ್ನು ದತ್ತು ತೆಗೆದುಕೊಂಡರು. ಚೆನ್ನಬಸಪ್ಪನು ರಾಣಿಯ ನಡತೆಯನ್ನು ಪ್ರಶ್ನಿಸಿದ್ದಕ್ಕಾಗಿ ಜಟ್ಟಿಯೊಬ್ಬನಿಂದ ಅವನನ್ನು ಕೊಲ್ಲಿಸಲಾಯಿತೆಂದು ಮಾರ್ಕ್ ವಿಲ್ಕ್ಸ್ ಬರೆದನು. ನಮ್ಮವರ ಮನೆಗಳಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ. ಎತ್ತದೆ ಇದ್ದುದರಿಂದ ಅದು ಸುಳ್ಳಾಗಲಿಲ್ಲ, ಪರೀಕ್ಷೆಯೂ ಆಗಲಿಲ್ಲ. ವಿಲ್ಕ್ಸನು ಮೈಸೂರಿನಲ್ಲಿ ಇಂಗ್ಲಿಷರ ರೆಸಿಡೆಂಟನಾಗಿದ್ದವನು. ಅವನ ಗ್ರಂಥದ ಮೊದಲ ಸಂಪುಟ ಹೊರಬಂದುದು ೧೮೧೦ರಲ್ಲಿ, ಬಿದನೂರು ಬಿದ್ದು ೪೭ ವರ್ಷಗಳ ಮೇಲೆ. ಅವನಿಗೆ ಸುದ್ದಿ ಹೇಳಿದವರು ಬಹುಪಾಲು ಗೆದ್ದವರ ಕಡೆಯವರು. ಅಗ್ರಿಪ್ಪೀನಳ ಕಥೆಯನ್ನು ನಮಗೆ ಹೇಳುವ ಟ್ಯಾಸಿಟಸನೂ ಅವಳು ಸತ್ತು ಐವತ್ತು ವರ್ಷಗಳಾದ ಮೇಲೆ ಬರೆದವನೇ. ಪಟ್ಟದ ಸುತ್ತ ಗಂಡಸರು ನೂರು ಕೊಲೆ ಮಾಡಿದರೆ ಅದು ರಾಜನೀತಿ. ರಾಣಿಯೊಬ್ಬಳು ಆಳಿದರೆ ಮೊದಲು ಅವಳ ಶೀಲದ ಮಾತು. ಹೀಗೆಂದು ನಾವು ವೀರಮ್ಮಾಜಿಯನ್ನು ನಿರ್ದೋಷಿಯೆಂದು ಸಾರುತ್ತಿಲ್ಲ. ಆದರೆ ಗೆದ್ದವರ ಬಾಯಿಂದ ಬಂದ ದೂರನ್ನು ಸಾಕ್ಷಿಯೆಂದು ಎಣಿಸಲು ನಮ್ಮ ಮನಸ್ಸು ಒಪ್ಪದು.

ಒಂದಂತೂ ನಿಶ್ಚಯ: ಆ ಬಾಲಕನ ಸಾವನ್ನು ಅರ್ಧ ರಾಜ್ಯ ನಂಬಲಿಲ್ಲ. ತಾನೇ ಚೆನ್ನಬಸಪ್ಪ, ಕೊಲೆಗಾರರಿಂದ ತಪ್ಪಿಸಿಕೊಂಡು ಬದುಕಿದ್ದೇನೆ ಎನ್ನುವ ತರುಣನೊಬ್ಬ ಚಿತ್ರದುರ್ಗದಲ್ಲಿ ಕಾಣಿಸಿಕೊಂಡನು. ದುರ್ಗದ ಮದಕರಿನಾಯಕನು ಅವನನ್ನು ಹೈದರಾಲಿಯ ಬಳಿಗೆ ಕರೆತಂದನು. ಹೈದರನಿಗೆ ಬೇಕಾಗಿದ್ದುದೂ ಇಂಥದೊಂದು ನೆಪವೇ. ದಂಡಿನವರು ಆ ತರುಣನನ್ನು 'ಗೈಬು ರಾಜ' ಎಂದು ಹಾಸ್ಯ ಮಾಡುತ್ತಿದ್ದರಂತೆ. ನೀರೋ ಸತ್ತ ಮೇಲೂ ಪೂರ್ವದ ಪ್ರಾಂತಗಳಲ್ಲಿ ಹುಸಿ ನೀರೋಗಳು ಎದ್ದು ಬಂದುದನ್ನು ರೋಮಿನ ಇತಿಹಾಸಕಾರರು ಹೇಳುತ್ತಾರೆ. ಹೈದರನು ೧೭೬೩ರ ಆರಂಭದಲ್ಲಿ ಶಿವಮೊಗ್ಗದ ಮಾರ್ಗವಾಗಿ ಹೊರಟನು. ಕುಂಸಿಯಲ್ಲಿ ಸೆರೆಯಲ್ಲಿದ್ದ ಹಿಂದಿನ ಮಂತ್ರಿ ಲಿಂಗಣ್ಣನು ಅವನಿಗೆ ದೊರೆತನು. ರಾಣಿ ಹಣ ಕೊಡುತ್ತೇನೆಂದು ಮತ್ತೆ ಮತ್ತೆ ಹೇಳಿಕಳಿಸಿದರೂ ಹೈದರನು ನಿಲ್ಲಲಿಲ್ಲ. ಎದುರಿನ ಬಾಗಿಲಿನಲ್ಲಿ ಹೋರಾಟದ ಸದ್ದು ಮಾಡಿಸಿ, ಲಿಂಗಣ್ಣನು ತೋರಿಸಿದ ಗುಪ್ತಮಾರ್ಗದಿಂದ ಊರೊಳಗೆ ನುಗ್ಗಿದನು. ಸುತ್ತಲಿನ ಕಾಡು, ಮುಳ್ಳುಬಿದಿರು, ಕಾವಲುಗಳಾವುವೂ ಪ್ರಯೋಜನಕ್ಕೆ ಬರಲಿಲ್ಲ. ಅರಮನೆಗೆ ಬೆಂಕಿಯಿಡಲು ಅಪ್ಪಣೆ ಮಾಡಿ ರಾಣಿ ಬಲ್ಲಾಳರಾಯನದುರ್ಗಕ್ಕೆ ಓಡಿದರು. ಹೈದರನು ಬೆಂಕಿಯನ್ನು ಆರಿಸಿದನು. ದೊರೆತ ಸಂಪತ್ತನ್ನು ವಿಲ್ಕ್ಸ್ ೧೨೦ ಲಕ್ಷ ಪೌಂಡುಗಳೆಂದು ಅಂದಾಜು ಮಾಡಿದ್ದಾನೆ; ಇದು ಅತಿಶಯವೆಂದು ಹಲವರ ಮತ. ತನ್ನ ಏಳಿಗೆಗೆಲ್ಲ ಬಿದನೂರಿನ ಭಂಡಾರವೇ ಬುನಾದಿಯೆಂದು ಹೈದರನೇ ಹೇಳುತ್ತಿದ್ದನಂತೆ. ಊರಿಗೆ ಹೈದರನಗರವೆಂದು ಹೆಸರಿಟ್ಟನು. ಅದರ ತುಂಡೇ ಇಂದಿನ 'ನಗರ'.

ಅದೇ ವರ್ಷ ಮಲೆನಾಡಿನ ಜ್ವರ ಹಿಡಿದು ಹೈದರನು ಮಲಗಿದ್ದಾಗ, ಅವನನ್ನು ಕೊಲ್ಲುವ ಒಳಸಂಚು ನಡೆಯಿತು. ಅದು ಬಯಲಾಗಿ, ಸಂಜೆಯಾಗುವುದರೊಳಗೆ ಮುನ್ನೂರಕ್ಕೂ ಹೆಚ್ಚು ಜನ ಊರ ಹೊರದಾರಿಗಳಲ್ಲಿ ನೇಣಿನಲ್ಲಿ ತೂಗುತ್ತಿದ್ದರು. ನಗರದ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ನಿಂತಾಗ, ಆ ದಾರಿಗಳು ಯಾವುವೋ ಎಂದು ನೋಡಿದೆವು. ಶಾಲೆಯಿಂದ ಮಕ್ಕಳು ಮನೆಗೆ ಹೋಗುತ್ತಿದ್ದರು. ರಾಣಿ, ದತ್ತುಪುತ್ರ, ಆ ಗೈಬು ರಾಜ ಮೂವರೂ ಮಧುಗಿರಿಯ ಒಂದೇ ಕೋಟೆಯಲ್ಲಿ ಸೆರೆಯಾದರು. ೧೭೬೭ರಲ್ಲಿ ಮರಾಠರು ಬಿಡಿಸಿದರು. ಪುಣೆಗೆ ಹೋಗುವ ದಾರಿಯಲ್ಲಿ ವೀರಮ್ಮಾಜಿ ತೀರಿಕೊಂಡರು. ಅವರ ಗದ್ದುಗೆಗೆ ಕರ್ಪೂರ ಬೆಳಗುವವರು ಯಾರೂ ಇಲ್ಲ.

ನಗರದ ಹೆಸರು ಆಮೇಲೂ ಎರಡು ಸಲ ಕೇಳಿಬಂತು. ೧೭೮೩ರಲ್ಲಿ ಜನರಲ್ ಮ್ಯಾಥ್ಯೂಸ್ ಇದನ್ನು ಹಿಡಿದನು. ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಗೆದ್ದನು. ೧೮೩೦ರಲ್ಲಿ ಕಂದಾಯದ ಕಾಟಕ್ಕೆ ರೈತರು ದಂಗೆಯೆದ್ದಾಗ ಬೂದಿ ಬಸವಪ್ಪನೆಂಬವನು ತಾನು ಕೆಳದಿಯ ವಾರಸುದಾರನೆಂದು ಘೋಷಿಸಿಕೊಂಡು ಮುಂದಾಳಾದನು. ಆ ದಂಗೆಯ ಕಾರಣವನ್ನೊಡ್ಡಿ ೧೮೩೧ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡರು. ರಾಜ್ಯ ಹೋಗಿ ೬೭ ವರ್ಷಗಳಾದರೂ ಕೆಳದಿಯ ಹೆಸರು 'ಶಿಸ್ತಿ'ನ ನೆನಪಿನಿಂದ ಜನರನ್ನು ಎಬ್ಬಿಸಬಲ್ಲದಾಗಿತ್ತು.

ಮೂರನೆಯ ದಿನ ತೀರ್ಥಹಳ್ಳಿಯಲ್ಲಿ ತುಂಗೆಯ ಸ್ನಾನ ಮಾಡಿ ಕವಲೆದುರ್ಗಕ್ಕೆ ಹೊರಟೆವು. ಇದು ಅಲ್ಲಿಂದ ಹದಿನೆಂಟು ಕಿಲೋಮೀಟರಿನಷ್ಟು. ಹಳೆಯ ಹೆಸರು ಭುವನಗಿರಿ. ಗದ್ದೆಬಯಲು ದಾಟಿ, ಕಲ್ಲು ಹಾಸಿದ ದಾರಿಯಲ್ಲಿ ಏರಬೇಕು. ಅರವತ್ತು ದಾಟಿದ ನಮ್ಮ ಮೊಣಕಾಲುಗಳು ಎರಡನೆಯ ಹೆಬ್ಬಾಗಿಲಿನಲ್ಲಿಯೇ ತಕರಾರು ತೆಗೆದವು. ಒಂದು ಬಾಗಿಲಿನಿಂದ ನೇರವಾಗಿ ಮುಂದಿನದು ಕಾಣುವುದಿಲ್ಲ. ದಾರಿ ತಿರುಗುತ್ತದೆ, ಪಕ್ಕದಲ್ಲಿ ಕಾವಲುಕೋಣೆಗಳು. ಪತಿಯ ರಾಜ್ಯ ಕೈತಪ್ಪುತ್ತಿರುವಾಗ ಚೆನ್ನಮ್ಮಾಜಿ ಭಂಡಾರ, ಪರಿವಾರಗಳೊಡನೆ ಈ ದಾರಿಯನ್ನೇ ಏರಿದರು. ಇಲ್ಲಿ ನಿಂತು ಸೈನ್ಯ ಕೂಡಿಸಿ, ಪಟ್ಟವನ್ನೂ ಕಟ್ಟಿಕೊಂಡು, ಮರಳಿ ಬಿದನೂರಿಗೆ ಇಳಿದರು. ಬುಡದ ಊರಿನಲ್ಲಿ ನಮ್ಮ ಸಮಾಜದ ಪ್ರಾಚೀನ ಭುವನಗಿರಿ ಸಂಸ್ಥಾನ ಮಠವಿದೆ; ಇಳಿದ ಮೇಲೆ ದರ್ಶನ ಮಾಡೋಣವೆಂದು ಹತ್ತಿದೆವು.

ಮೇಲೆ ಕಾಶಿವಿಶ್ವನಾಥನ ಗುಡಿ, ತಿಮ್ಮಣ್ಣನಾಯಕನ ಕೆರೆ, ತುದಿಯಲ್ಲಿ ಶ್ರೀಕಂಠೇಶ್ವರ. ಅರಮನೆಯ ತಳಪಾಯ ಮಾತ್ರ ಉಳಿದಿದೆ: ಕಂಬಗಳ ಪೀಠ, ನೀರಿನ ತೊಟ್ಟಿ, ಅಡುಗೆಮನೆಯ ಕಲ್ಲಿನ ಒಲೆ. ನಮ್ಮ ಸೊಸೆ ಒಲೆಯ ಬಳಿ ಬಹಳ ಹೊತ್ತು ನಿಂತರು. ಒಮ್ಮೆಗೆ ಎಷ್ಟು ಪಾತ್ರೆ ಇಡಬಹುದು, ಹೊಗೆ ಎಲ್ಲಿಂದ ಹೋಗುತ್ತಿತ್ತು ಎಂದೆಲ್ಲ ನೋಡಿ, "ಇಲ್ಲಿ ಅಡುಗೆ ಮಾಡಿದವರ ಹೆಸರು ನಿಮ್ಮ ಪುಸ್ತಕದಲ್ಲಿ ಇದೆಯಾ ಮಾವ?" ಎಂದರು. ಇಲ್ಲವೆಂದೆವು. ಒಲೆಯ ಪಕ್ಕದ ನೆರಳಿನಲ್ಲಿಯೇ ಬುತ್ತಿ ಬಿಚ್ಚಿದೆವು. ಚಪಾತಿ, ಶೇಂಗಾ ಚಟ್ನಿ, ಮಜ್ಜಿಗೆ. ಪಶ್ಚಿಮದಲ್ಲಿ ವಾರಾಹಿ ಹಿನ್ನೀರು ಹೊಳೆಯುತ್ತಿತ್ತು. ಮಗು ತನ್ನ ನೋಟ್ ಪುಸ್ತಕ ತೆಗೆದು ಕೆಳದಿ ಅರಸರ ಪಟ್ಟಿ ಬರೆಯತೊಡಗಿ, ದತ್ತುಮಕ್ಕಳ ಹೆಸರಿಗೆ ಬೇರೆ ಬಣ್ಣ ಹಚ್ಚಬೇಕೇ ಎಂದು ಕೇಳಿದಳು. ಹಚ್ಚು ಎಂದೆವು. ಚೆನ್ನಬಸಪ್ಪನ ಹೆಸರಿನ ಮುಂದೆ ಏನು ಬರೆಯಲಿ ಎಂದಳು. ಅದನ್ನು ಖಾಲಿ ಬಿಡಲು ಹೇಳಿ, ಬಿಸಿಲು ಇಳಿಯುವುದರೊಳಗೆ ಮಠ ಸೇರಬೇಕೆಂದು ಎದ್ದೆವು.